ಮೊಳೆಯಿಲ್ಲದ ಕಾಡತೂಸು

ಜನಿವಾರಕ್ಕೆ ಬಿಗಿದಿದ್ದ ಕೀಲಿಕೈ ಬಿಚ್ಚುವುದು ಅವಧೂತನಿಂದ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಬೆವರು ಕುಡಿದು ಕಲ್ಲಾದ ಗಂಟು. ತಂದೆಯ ಹೆಣದ ಎದೆಯ ಮೇಲೆ ಬಾಗಿ ಉಗುರಿನಿಂದ ಮೀಟಿದ, ಹಲ್ಲು ಹಚ್ಚಲು ಹೋಗಿ ಹೇಸಿ ಹಿಂದೆ ಸರಿದ.

"ಕತ್ತರಿ ತರ್ರಿ ಯಾರಾದ್ರೂ."

"ಜನಿವಾರಕ್ಕ ಕತ್ತರಿ ಹಚ್ಚತೀಯೇನೋ?" ಸತ್ತವನ ತಂಗಿ ರಂಗೂಬಾಯಿ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತಳು. "ನಮ್ಮಣ್ಣ ಜನಿವಾರ ಇಲ್ಲದ ಹೋಗಬೇಕೇನು?"

"ಕೀಲಿ ಸುಟ್ಟು ಹೋದ್ರ ಪೆಟಿಗಿ ಒಡೀಬೇಕಾಗ್ತದ, ಅತ್ಯಾ. ಸಂಜೀ ಒಳಗ ಪಿಸ್ತೂಲ ಪೊಲೀಸ ಚೌಕಿಗೆ ಮುಟ್ಟಸ್ರಿ ಅಂತ ಫೌಜದಾರ ಹೇಳಿ ಕಳಿಸ್ಯಾನ. ಪರವಾನಗಿ ಅಪ್ಪನ ಹೆಸರಿಂದು. ಅಪ್ಪ ಹೋದ, ಪರವಾನಗಿನೂ ಹೋತು."

ಬಾಗಿಲಲ್ಲಿ ಚಟ್ಟ ಸಿದ್ಧವಾಗಿತ್ತು. ಹೊತ್ತು ಏರುತ್ತಿತ್ತು. ಆಗ ಸತ್ತವನ ಹೆಂಡತಿ ಗೋದಾ ಮುಂದಕ್ಕೆ ಸರಿದು ಬಂದು ದಾರವನ್ನು ಎಳೆಯುವ ಬದಲು ಗಂಟಿನೊಳಕ್ಕೆ ಹಿಂದೆ ದಬ್ಬಿದಳು. ಗಂಟು ಸಡಿಲಿ ಕೀಲಿಕೈ ಅವಳ ಅಂಗೈಗೆ ಬಿತ್ತು. ದಿನವೂ ಗಂಡನ ಬೆನ್ನು ತಿಕ್ಕುವಾಗ ನೋಡಿದ ಗಂಟು ಅದು; ಹೇಗೆ ಬಿಚ್ಚಬೇಕೆಂದು ಕೈಗೆ ಗೊತ್ತಿತ್ತು. ಈ ತನಕ ಬಿಚ್ಚಿರಲಿಲ್ಲ, ಅಷ್ಟೇ.

ತಲೆ ಎತ್ತಿದಾಗ ಅಡಿಗೆಮನೆಯ ಬಾಗಿಲಲ್ಲಿ ನಿಂತ ಮಗಳು ಸುಲಭಾ ಕಂಡಳು. ವಿಧವೆಯ ಕೆಂಪು ಸೀರೆಯ ಸೆರಗು ಬೋಳಿಸಿದ ತಲೆಯ ಮೇಲೆ ಹಣೆಯ ತನಕ ಇತ್ತು. ಅವಳು ಹೆಣವನ್ನಲ್ಲ, ತಾಯಿಯ ಕೈಯನ್ನು ನೋಡುತ್ತಿದ್ದಳು.

"ಹುಲಿ ಹೋತವ್ವಾ ಮನೀದು," ರಂಗೂಬಾಯಿ ರಾಗ ತೆಗೆದಳು. "ಆ ಪಿಸ್ತೂಲ ನಮ್ಮಪ್ಪ ಕಾತ್ರಜ ಘಾಟಿನಾಗ ಕಳ್ಳರಿಗೆ ತೋರಿಸಿದ್ದು. ಅಣ್ಣ ಅದನ್ನ ಹಂಗ ಕಾಯ್ದ. ಅವನ ಕಣ್ಣಿಗೆ ಅಂಜಿ ಈ ಮನ್ಯಾಗ ಒಂದ ಎಲಿನೂ ಅಲ್ಲಾಡಲಿಲ್ಲ."

ಎಲೆ ಅಲ್ಲಾಡಲಿಲ್ಲವೆಂಬುದು ನಿಜ.

* * *

ಗೋದಾಳ ಗಂಡ ಬಿಂದುಮಾಧವರಾಯ ಧಾರವಾಡದಿಂದ ಬಂದು ಪುಣೆಯ ಫೌಜಿ ಲೆಕ್ಕಪತ್ರದ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆದವನು. ಶನಿವಾರ ಉಪವಾಸ ಮಾಡುತ್ತಿದ್ದ. ಕಾಯಿಪಲ್ಲೆ ತಾನೇ ಆರಿಸಿ ತರುತ್ತಿದ್ದ. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಎತ್ತುವ ಅಗತ್ಯ ಬೀಳಲಿಲ್ಲ.

1919ರ ಜೂನ್. ಹಿಂದಿನ ವರ್ಷದ ಇನ್‌ಫ್ಲುಯೆಂಜಾದಲ್ಲಿ ಗಂಡನನ್ನು ಕಳೆದುಕೊಂಡಿದ್ದ ಸುಲಭಾಗೆ ಹದಿನೈದು ವಯಸ್ಸು. ತಲೆಯ ಮೇಲೆ ಇನ್ನೂ ಕೂದಲಿತ್ತು. ಊರಾಚೆಗೆ ವಿಧವೆಯರನ್ನು ಇಟ್ಟುಕೊಂಡು ಓದಿಸುವ ಒಂದು ಶಾಲೆಯವರು ಅವಳನ್ನು ಸೇರಿಸಿಕೊಳ್ಳಲು ಒಪ್ಪಿದ್ದರು. ಗೋದಾ ಗಂಡನಿಗೆ ಹೇಳದೆ ಎಲ್ಲ ಗೊತ್ತುಮಾಡಿದಳು. ಅವನು ಕಚೇರಿಗೆ ಹೊರಟ ಮೇಲೆ ಟಾಂಗಾ ಕರೆಸಿದಳು. ಮಗಳ ಟ್ರಂಕು ಟಾಂಗಾದ ಮೇಲೆ ಏರಿತ್ತು. ಯಾರು ಸುದ್ದಿ ಮುಟ್ಟಿಸಿದರೋ, ಬಿಂದುಮಾಧವ ಅರ್ಧ ದಾರಿಯಿಂದ ತಿರುಗಿ ಬಂದ.

ಕೂಗಾಡಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತೆರೆದ. ರಿವಾಲ್ವರನ್ನು ತಂದು ಹೊಸ್ತಿಲ ಮೇಲೆ ಇಟ್ಟ. ಪಕ್ಕದಲ್ಲಿ ಆರು ಕಾಡತೂಸುಗಳನ್ನು ಸಾಲಾಗಿ ನಿಲ್ಲಿಸಿದ, ಪೂಜೆಗೆ ಅಡಿಕೆ ಇಟ್ಟ ಹಾಗೆ.

"ದಾಟ್ರಿ," ಎಂದ. "ಮೊದಲನೇದು ಅಕೀಗೆ. ಎರಡನೇದು ನಿನಗ. ಮೂರನೇದು ನಂದು."

ಗೋದಾ ಮಗಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು.

"ಹಸಿವಾಗೇದ," ಎಂದ ಬಿಂದುಮಾಧವ. "ಬಡಸು."

ಮುಂದಿನ ವಾರ ಹಿತ್ತಲ ಬಾಗಿಲಿಂದ ಹಜಾಮ ಬಂದ.

"ನಿನ್ನ ಜೀವ ಉಳೀಲಿ ಅಂತ ತಿರುಗಿದೆ, ಮಗಳ," ಎಂದು ಗೋದಾ ಆಮೇಲೆ ಎಷ್ಟೋ ಸಲ ಹೇಳಿದ್ದಳು. ಸುಲಭಾ ಪ್ರತಿ ಸಲ ತಲೆ ಆಡಿಸಿದ್ದಳು. ಆ ಒಂದು ಮಾತಿನ ಮೇಲೆ ತಾಯಿ-ಮಗಳು ಒಂದೇ ಒಲೆಯ ಮುಂದೆ ಹತ್ತೊಂಬತ್ತು ವರ್ಷ ಕಳೆದಿದ್ದರು. ದಸರೆಯ ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಬಿಂದುಮಾಧವ ಪೆಟ್ಟಿಗೆ ತೆರೆದು ಕೊಡುತ್ತಿದ್ದ. ಗೋದಾ ರಿವಾಲ್ವರಿಗೂ ಕಾಡತೂಸುಗಳಿಗೂ ಎಣ್ಣೆ ಸವರಿ ಒರೆಸಿ, ಕುಂಕುಮ ಹಚ್ಚಿ, ದೇವರ ಮುಂದೆ ಇಡುತ್ತಿದ್ದಳು.

* * *

ಓಂಕಾರೇಶ್ವರದ ಹೆಣ ಸುಡುವ ಘಾಟಿನಿಂದ ಗಂಡಸರು ಮರಳಿದರು. ಬಾಗಿಲಲ್ಲಿ ಬೇವಿನೆಲೆ ಕಚ್ಚಿ ಉಗುಳಿ, ಕಾಲಿಗೆ ನೀರು ಹಾಕಿಕೊಂಡು ಪಡಸಾಲೆಯಲ್ಲಿ ಕೂತರು. ಪಕ್ಕದ ವಾಡೆಯವರು ಪಿಠಲೆ, ಅನ್ನ ಕಳಿಸಿದ್ದರು. ಚಿತೆಗೆ ಕೊಳ್ಳಿ ಇಡುವಾಗ ಅವಧೂತ ಅತ್ತಿದ್ದನ್ನು ಬಿಟ್ಟರೆ ಎಲ್ಲವೂ ಸಲೀಸಾಗಿ ಆಗಿತ್ತೆಂದು ಯಾರೋ ಹೇಳಿದರು.

ಗೋದಾ ನಡುಮನೆಯಲ್ಲಿ ಕೂತಿದ್ದಳು. ಹಣೆ ಬರಿದು, ಕೈ ಬರಿದು. ಅರೆತೆರೆದ ಕದದ ಆಚೆ ಮಗ ಪೆಟ್ಟಿಗೆ ತೆರೆದದ್ದು ಕೇಳಿಸಿತು.

"ರಾಘಣ್ಣ ಕಾಕಾ, ಚೌಕಿಗೆ ಕೊಡೋದ್ರಾಗ ಸ್ವಲ್ಪ ನೋಡ್ರಿ. ಇದು ಇಂಗ್ಲಿಷರ ವೆಬ್ಲಿ ಅಲ್ಲೇನ್ರಿ? ನಾನೂ ಪರವಾನಗಿ ಕೇಳಬೇಕು ಅಂತೀನಿ. ಇಂಥಾದ್ದ ಪಿಸ್ತೂಲ, ಇಂಥಾದ್ದ ಕಾಡತೂಸ ಅಂತ ಅರ್ಜಿಯಾಗ ಬರೀಬೇಕಾಗ್ತದ."

ರಾಘಣ್ಣ ಬಿಂದುಮಾಧವನ ಕಚೇರಿಯ ಗೆಳೆಯ, ನಿವೃತ್ತನಾಗಿ ಶಿರೂರಿನಲ್ಲಿದ್ದವನು. ಮೊದಲ ಬಸ್ಸಿಗೆ ಬಂದಿದ್ದ.

"ಯಾವ ವೆಬ್ಲೀನೋ! ಬೆಲ್ಜಿಯಮ್ಮಿನ ಹಳೇ ಮಾಲು," ಎಂದ ರಾಘಣ್ಣ. "ಇಲ್ಲೆ ನೋಡು. ಗುಂಡು ಹಾಕೋ ಪ್ರತಿ ತೂತಿನ ಅಂಚಿಗೂ ಒಂದೊಂದು ಕಚ್ಚು ಅದನೋ ಇಲ್ಲೋ? ಇದರ ಕಾಡತೂಸಿನ ಬಾಜೂಕ ಒಂದು ಸಣ್ಣ ಮೊಳಿ ಎದ್ದಿರ್ತದ. ಅದು ಈ ಕಚ್ಚಿನಾಗ ಕೂಡಬೇಕು. ಸುತ್ತಿಗಿ ಮ್ಯಾಲಿಂದ ಬಂದು ಆ ಮೊಳೀಗೆ ಬಡದ್ರ ಹಾರ್ತದ."

"ಇವಕ್ಕ ಮೊಳಿ ಇಲ್ಲಲ್ಲ?"

"ಎಲ್ಲಿಂದ ಬರ್ಬೇಕು? ಇವು ನಾಕನೂರಾ ಐವತ್ತರ ಬೋರಿನವು. ಬುಡಕ್ಕ ಬಡದ್ರ ಹಾರೋ ಜಾತಿ. ಹಾಕಿ ನೋಡು, ಹೆದರಬ್ಯಾಡ, ನಿಮ್ಮಪ್ಪನಾಣೆ ಏನೂ ಆಗೂದಿಲ್ಲ."

ಅವಧೂತ ಹಾಕಿ ನೋಡಿದ. ಕಾಡತೂಸು ಒಳಗೆ ಇಳಿಯಿತು, ಬುಡದ ಅಂಚು ಹೊರಗೇ ಉಳಿಯಿತು. ಪಕ್ಕದ ಮುಚ್ಚಳ ಕೂಡಲಿಲ್ಲ. ಸುತ್ತಿಗೆ ಬೀಳುವ ಕಚ್ಚಿನಲ್ಲಿ ಬಡಿಯಲು ಏನೂ ಇರಲಿಲ್ಲ.

"ಅಂದ್ರ ಇದು ಹಾರೂದ ಇಲ್ಲೇನ್ರಿ?"

"ನಿಮ್ಮಜ್ಜನ ಕಾಲಕ್ಕ ಹಾರಿತ್ತೋ ಏನೋ. ನಾನೂ ನಿಮ್ಮಪ್ಪನೂ ಕ್ಯಾಂಪಿನಾಗ ಬಂದೂಕಿನ ಅಂಗಡಿಗೆ ಒಯ್ದಿದ್ವಿ. ಅಂಗಡಿಯ ಪಾರ್ಸಿ ನಕ್ಕ. ಇದರ ಕಾಡತೂಸ ಬರೋದು ಎಂದೋ ನಿಂತದ, ರಾವ್‌ಸಾಹೇಬ್, ಕಪಾಟಿನಾಗ ಇಟ್ಟು ಚಂದ ನೋಡ್ರಿ ಅಂದ. ನಿಮ್ಮಪ್ಪ ಬಿಡ್ತಾನೇನು? ಯಾವುವಾದ್ರೂ ಆರು ಕೊಡು, ಜೋಡಿಗೆ ಇರಲಿ ಅಂತ ಇವನ್ನ ತಗೊಂಡ."

ಯಾರೋ ಕಿಸಕ್ಕೆಂದರು. ಸಾವಿನ ಮನೆಯೆಂದು ನೆನಪಾಗಿ ಕೆಮ್ಮಿದರು.

ಗೋದಾ ಎದ್ದು ಬಂದು ಹೊಸ್ತಿಲ ಮೇಲೆ ನಿಂತಳು. ಗಂಡಸರು ಸರಿದು ಕೂತರು.

"ಇದು ಯಾವಾಗಿನ ಮಾತ್ರಿ, ರಾಘಣ್ಣ?"

"ಕೂಡ್ರಿ ವೈನಿ, ನೀವ್ಯಾಕ ಎದ್ದು ಬಂದ್ರಿ? ಅವಧೂತನ್ನ ತೊಟ್ಟಲಾಗ ಹಾಕಿದ ವರ್ಷ. ಹನ್ನೆರಡನೇ ಇಸ್ವಿ ಇರಬೇಕು."

"ಅವರು ಯಾರ ಮುಂದೂ ಹೇಳಲಿಲ್ಲ."

"ಹೇಳಲಿಲ್ಲಂದ್ರ? ಆಫೀಸಿನಾಗ ಪ್ಯೂನಗೂ ಗೊತ್ತು! 'ಬಿಂದೂನ ಆಟಿಗಿ' ಅಂತಿದ್ವಿ." ರಾಘಣ್ಣನಿಗೆ ಗೆಳೆಯನ ನೆನಪಿನಿಂದ ಕಣ್ಣು ತುಂಬಿ ಬಂದವು. "ಭಾಳ ಚಾಷ್ಟಿ ಮನಷ್ಯಾ. ಮನೀ ಮಂದಿಗೆ ಮಾತ್ರ ಹೇಳಬ್ಯಾಡ್ರಪ್ಪಾ, ಧಾಕು, ಅಂಜಿಕಿ ಇರಲಿ ಅಂತಿದ್ದ. ಒಂದು ಸಲ ಹೊರಗ ತಗದಿದ್ದೆ, ಮುಂದ ಎಂದೂ ತಗೀಬೇಕಾಗ್ಲಿಲ್ಲ ಅಂತ ಹೇಳಿ ಹೇಳಿ ನಗತಿದ್ದ."

ಗೋದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ರಾಘಣ್ಣ ಅದನ್ನು ಬೇರೆ ದುಃಖವೆಂದು ತಿಳಿದ. ದನಿ ತಗ್ಗಿಸಿ ಹೇಳಿದ:

"ವೈನಿ, ಒಂದು ಮಾತು. ನಾವೆಲ್ಲಾ ಘಾಟಿನಾಗ ಮಾತಾಡೀವಿ. ನಿಮ್ಮ ಕೂದಲಕ್ಕ ಯಾರೂ ಕೈ ಹಚ್ಚೂದಿಲ್ಲ. ಇದು ಮೂವತ್ತೆಂಟನೇ ಇಸ್ವಿ, ಈಗ ಅದೆಲ್ಲಾ ಯಾರು ಮಾಡ್ತಾರ? ಬಿಂದೂನೂ ಇದ್ದಿದ್ರ ಹೂಂ ಅಂತಿದ್ದ."

"ಹೌದವ್ವಾ," ಎಂದ ಅವಧೂತ. "ನೀ ಚಿಂತೀ ಮಾಡಬ್ಯಾಡ."

ಹಿಂದೆ ತಂಬಿಗೆ ನೆಲಕ್ಕೆ ಇಟ್ಟ ಸದ್ದಾಯಿತು. ಗಂಡಸರಿಗೆ ಕುಡಿಯುವ ನೀರು ತಂದಿದ್ದ ಸುಲಭಾ ಅದನ್ನು ಕದದ ಬದಿಗಿಟ್ಟು ಹಿತ್ತಲಿನ ಕಡೆ ನಡೆದಿದ್ದಳು.

ಗೋದಾ ಅವಳ ಹಿಂದೆ ಹೋದಳು.

ಹಿತ್ತಲಲ್ಲಿ ಬಿಸಿಲು ಬೆಳ್ಳಗೆ ಉರಿಯುತ್ತಿತ್ತು. ಸುಲಭಾ ಬಾವಿಯ ಕಟ್ಟೆಯ ಬಳಿ ಸೂತಕದ ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದನ್ನು ಒಂದೊಂದಾಗಿ ಎತ್ತರದ ಗಳದ ಮೇಲೆ ಕೋಲಿನಿಂದ ಹರವಿದಳು. ತಾಯಿಯ ಹಸಿರು ಇಳಕಲ್ ಸೀರೆ, ಪಕ್ಕದಲ್ಲೇ ತನ್ನ ಕೆಂಪು ಸೀರೆ.

"ಸುಲಭಾ, ದೇವರಾಣೆ ನನಗ ಗೊತ್ತಿರಲಿಲ್ಲ."

ಸುಲಭಾ ಮತ್ತೊಂದು ಬಟ್ಟೆ ಹಿಂಡಿದಳು.

"ನನಗ ಹೆಂಗ ತಿಳೀಬೇಕು? ಅದರ ಮೊಳಿ ಯಾವುದು, ಬುಡ ಯಾವುದು..."

"ದಸರಾಕ್ಕೊಮ್ಮೆ ಎರಡೂ ನಿನ್ನ ಕೈಯಾಗ ಇರ್ತಿದ್ದವಲ್ಲ," ಎಂದಳು ಸುಲಭಾ. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಸಲನೂ ಇದು ಅದರಾಗ ಹೋಗ್ತದೋ ಇಲ್ಲೋ ಅಂತ ನೋಡಲಿಲ್ಲ?"

"ಕಣ್ಣು ಮುಚ್ಚಿ ಒರಸ್ತಿದ್ದೆ. ನೀನ ನೋಡೀಯಲ್ಲ?"

"ನೋಡೀನಿ."

"ಮತ್ತ? ಗುಂಡು ಹಾರ್ತದ ಅಂತನ ತಿರುಗಿದೆ. ನಿನ್ನ ಜೀವ..."

"ಅವ್ವಾ," ಎಂದು ಸುಲಭಾ ಅವಳ ಮಾತು ತಡೆದಳು. "ಆವತ್ತು ಟಾಂಗಾದವ ಎಷ್ಟೊತ್ತು ನಿಂತಿದ್ದ, ನೆನಪದ ಏನು?"

ಗೋದಾಗೆ ನೆನಪಿರಲಿಲ್ಲ. ಟಾಂಗಾ ಆವತ್ತು ತಟ್ಟನೆ ಹೋಯಿತೆಂದೇ ಅವಳು ತಿಳಿದಿದ್ದಳು.

"ಅಪ್ಪ ಉಂಡ. ಎಲಿಅಡಿಕಿ ಹಾಕ್ಕೊಂಡ. ಪಿಸ್ತೂಲ ಪೆಟಿಗ್ಯಾಗ ಇಟ್ಟು ಕೀಲಿ ಹಾಕಿದ. ಅಟ್ಟಕ್ಕ ಹೋಗಿ ಮಲಗಿದ. ಗೊರಕಿ ಕೇಳಿಸ್ತಿತ್ತು. ಟಾಂಗಾ ಇನ್ನೂ ಅಲ್ಲೇ ಇತ್ತು, ನನ್ನ ಟ್ರಂಕೂ ಅದರ ಮ್ಯಾಲ ಇತ್ತು. ನಾ ಕಿಡಕ್ಯಾಗ ನಿಂತಿದ್ದೆ." ಸುಲಭಾ ಕೊನೆಯ ಪಂಚೆಯನ್ನು ಜಾಡಿಸಿದಳು. "ನೀ ತಾಟು ತೊಳೀಲಿಕ್ಕೆ ಹತ್ತಿದ್ದಿ."

ಒಳಗಿನಿಂದ ರಂಗೂಬಾಯಿ ಕೂಗಿದಳು, ಗಂಡಸರ ಊಟಕ್ಕೆ ಹೊತ್ತಾಗುತ್ತಿದೆಯೆಂದು.

ಸುಲಭಾ ಕೋಲು ಎತ್ತಿದಳು. ಇಳಕಲ್ ಸೀರೆಗೆ ಅಂಟಿಕೊಂಡಿದ್ದ ತನ್ನ ಸೀರೆಯನ್ನು ಮೆಲ್ಲಗೆ ಬಿಡಿಸಿ, ಗಳದ ಉದ್ದಕ್ಕೂ ದಬ್ಬುತ್ತ ಹೋಗಿ ಆ ತುದಿಯ ಗೋಡೆಗೆ ತಾಗಿಸಿದಳು. ಕೋಲು ಮೂಲೆಗಿಟ್ಟು ಒಳಗೆ ನಡೆದಳು. ಗೋದಾ ಅಲ್ಲೇ ನಿಂತಳು. ಎರಡು ಸೀರೆಗಳೂ ನೀರು ಸುರಿಸುತ್ತಿದ್ದವು. ನಡುವಿನ ಕಲ್ಲುಚಪ್ಪಡಿ ಒಣಗಿ ಆಗಲೇ ಬಿಳಿಚತೊಡಗಿತ್ತು.