ದಾದಾಸಾಬರ ಕಿವಿ ಜಮಖಂಡಿಗೆ ಹೋದ ದಿನ

ಬಬಲೇಶ್ವರದ ಗೊಲ್ಲಾಳಪ್ಪ ಮೂವತ್ತೆರಡು ವರ್ಷ ಯಾವ ವಾದ್ಯವನ್ನೂ ಮುಟ್ಟಲಿಲ್ಲ, ಮುಟ್ಟಿದ ದಿನವೇ ಸುಟ್ಟ ಎಂದು ಹೇಳುವವರು ಆ ಊರಿನಲ್ಲಿದ್ದಾರೆ. ಸುಟ್ಟದ್ದು ನಿಜ. ಮುಂದಿನದ್ದನ್ನು ಅವರು ಹೇಳುವುದಿಲ್ಲ.

ಹರೆಯದಲ್ಲಿ ಗೊಲ್ಲಾಳಪ್ಪ ಚರ್ಮದ ಹಲಗಿ ಹಿಡಿದರೆ ಮೂರು ಓಣಿ ಆಚೆಗೂ ಅದು ಅವನ ಪೆಟ್ಟೆಂದು ಗುರುತು ಸಿಗುತ್ತಿತ್ತು. ಸಾವಿಗೆ, ಡಂಗುರಕ್ಕೆ, ಯಾರದೋ ಮನೆಯ ದಿಬ್ಬಣಕ್ಕೆ ಹೊತ್ತುಗೊತ್ತಿಲ್ಲದೆ ಕರೆ ಬರುತ್ತಿತ್ತು. ಬುದ್ಧನ ದೀಕ್ಷೆ ತೆಗೆದುಕೊಂಡ ವರ್ಷ ಅವನು ಹಲಗಿಯನ್ನು ಕೆಳಗಿಟ್ಟ, ಮತ್ತೆ ಎತ್ತಲಿಲ್ಲ. ಅವನಿಗೆ ಸಿಟ್ಟಿದ್ದದ್ದು ಹಲಗಿಯ ಮೇಲಲ್ಲ, ಬಾಗಿಲ ಹೊರಗೆ ನಿಂತು "ಲೇ" ಎಂದು ಕರೆಯುವ ದನಿಯ ಮೇಲೆ.

ಅವನ ಮಗಳು ಆಮ್ರಪಾಲಿ ತಿಕೋಟಾದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಹನ್ನೆರಡು ಹುಡುಗಿಯರನ್ನು ಕೂಡಿಸಿ ಅವಳು ಒಂದು ಬ್ಯಾಂಡು ಕಟ್ಟಿದ್ದಳು. ಸಂವಿಧಾನ ದಿನದ ಮೆರವಣಿಗೆಯಲ್ಲಿ ಆ ಬ್ಯಾಂಡು ಮೊದಲ ಬಾರಿಗೆ ಊರ ಮುಂದೆ ನಡೆಯುವುದಿತ್ತು. ಹೆಜ್ಜೆ ಕೂಡಿಸಬೇಕಾದ ಸೈಡ್ ಡ್ರಮ್ ಇದ್ದದ್ದು ಒಂದೇ. ಅದರ ತಳದ ತೆಳುವಾದ ಹಾಳೆಗೆ ಅಡ್ಡಲಾಗಿ ಸುರುಳಿ ಸುತ್ತಿದ ಇಪ್ಪತ್ತು ಸಣ್ಣ ತಂತಿಗಳು ಇರುತ್ತವೆ. ಮೇಲೆ ಕೋಲು ಬಿದ್ದಾಗ ಕೆಳಗೆ ತಂತಿ ನಡುಗಿ ಝರ್ರನೆ ದನಿ ಕೊಡಬೇಕು. ಆ ತಂತಿಗಳು ಸಡಿಲಾಗಿ ಗಲಗಲ ಎನ್ನುತ್ತಿದ್ದವು. ಮನೆಯಲ್ಲಿ ಸರಿಮಾಡಿಕೊಂಡು ಬರುತ್ತೇನೆಂದು ಹೆಡ್ ಸರ್ ರಾಜಾರಾಮರಿಗೆ ಸಹಿ ಮಾಡಿಕೊಟ್ಟು, ಹಿಂದಿನ ಸಂಜೆ ಆಮ್ರಪಾಲಿ ಡ್ರಮ್ಮನ್ನು ಊರಿಗೆ ತಂದಳು. ಮೊಬೈಲಿನಲ್ಲಿ ನೋಡಿ ಒಂದಿಷ್ಟು ತಿರುವಿದಳು, ಪೂರಾ ಹದಕ್ಕೆ ಬರಲಿಲ್ಲ.

"ಉಳಿದದ್ದು ಮುಂಜಾನೆ ನೋಡ್ತೀನಿ, ಅಪ್ಪಾ," ಎಂದು ಗೋಡೆಗೆ ಒರಗಿಸಿಟ್ಟಳು.

ಮುಂಜಾನೆ ಮಗಳು ಜಳಕಕ್ಕೆ ಹೋದಾಗ ಗೊಲ್ಲಾಳಪ್ಪ ಡ್ರಮ್ಮಿನ ಮೇಲೆ ಬೆರಳಾಡಿಸಿದ. ದನಿ ಮಂಕಾಗಿತ್ತು. ಕಾರ್ತಿಕದ ಥಂಡಿಗೆ ಯಾವ ವಾದ್ಯವೂ ಜೋಲು ಬೀಳುತ್ತದೆ, ಬೆಂಕಿ ತೋರಿಸಿದರೆ ಜೀವ ಬರುತ್ತದೆ ಎಂಬುದು ಅವನಿಗೆ ಕಲಿಯದೆ ಬಂದ ವಿದ್ಯೆ. ಅಂಗಳದಲ್ಲಿ ನೀರೊಲೆ ಉರಿಯುತ್ತಿತ್ತು. ಮಗಳ ಕೆಲಸ ಹಗುರಾಗಲಿ ಎಂದು ತಂತಿಯ ಕಡೆಯನ್ನು ಉರಿಗೆ ಹಿಡಿದು, ಹಲಗಿ ಕಾಸುವಂತೆಯೇ ಸಾವಕಾಶ ತಿರುಗಿಸಿದ. ಹಾಳೆ ಹಾಲಿನ ಕೆನೆಯಂತೆ ಸುಕ್ಕಾಯಿತು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಈ ಅಂಚಿನಿಂದ ಆ ಅಂಚಿಗೆ ಸೀಳಿಹೋಯಿತು.

ಹೆಂಡತಿ ಸೀತವ್ವ ಹೊರಗೆ ಬಂದಳು. "ಏನ್ರೀ ಇದು ವಾಸನಿ?"

"ಏನಿಲ್ಲ."

"ಏನಿಲ್ಲದ್ದು ಹಿಂಗ ನಾರೂದಿಲ್ಲ."

ಗೊಲ್ಲಾಳಪ್ಪ ಡ್ರಮ್ಮಿಗೆ ಕಂಬಳಿ ಸುತ್ತುತ್ತಿದ್ದ. "ವಿಜಾಪುರಕ್ಕ ಹೋಗಿ ಬರ್ತೀನಿ. ಡ್ರಮ್ ಅಪ್ಪನ ಸಾಲಿಗೆ ತರ್ತಾನಂತ ಅಕಿಗೆ ಹೇಳು."

"ನಾ ಸುಳ್ಳ ಹೇಳಾಂಗಿಲ್ಲ."

"ಸುಳ್ಳ ಎಲ್ಲೈತಿ? ತರ್ತೀನಲ್ಲ."

ಅವನು ಹೋದದ್ದು ಜೀಪಿನಲ್ಲಿ ಎಂದು ಕೆಲವರ ಹೇಳಿಕೆ. ಆದರೆ ಕಂಡಕ್ಟರನ ಮಾತು ಕಥೆಯಲ್ಲಿ ಇರುವುದರಿಂದ ಬಸ್ಸೇ ಇರಬೇಕು. ತೊಡೆಯ ಮೇಲಿನ ಕಂಬಳಿಯ ಗಂಟನ್ನು ನೋಡಿ ಕಂಡಕ್ಟರ್ ಕೇಳಿದನಂತೆ, "ಕುರಿಮರಿ ಏನು ಯಜಮಾನ್ರ? ಅದಕ್ಕೂ ಟಿಕೆಟ್ ಐತಿ ಮತ್ತ."

"ಒದರೂದಿಲ್ಲ, ಬಿಡೋ ತಮ್ಮಾ. ಒದರಿದ್ರ ನಿನ್ನ ಬಸ್ ಯಾಕ ಹತ್ತತಿದ್ದೆ."

ಅಷ್ಟರಲ್ಲಿ ಮಗಳ ಫೋನು ಬಂತು.

"ಎಲ್ಲಿದ್ದೀ ಅಪ್ಪಾ?"

"ದಾರ್ಯಾಗ."

"ಡ್ರಮ್ ಚೊಲೋ ಐತಿ?"

"ಚೊಲೋ ಆಕ್ಕೈತಿ."

"ಹನ್ನೊಂದೂವರಿಗೆ ಹುಡುಗ್ಯಾರು ಹೊಂಡತಾರ," ಎಂದಷ್ಟೇ ಹೇಳಿ ಅವಳು ಫೋನು ಇಟ್ಟಳು. ಡ್ರಮ್ಮಿಲ್ಲದೆ ಹೋದರೆ ಸಹಿ ಮಾಡಿದವಳು ಹೆಡ್ ಸರ್ ಮುಂದೆ ಏನೆಂದು ಉತ್ತರ ಕೊಟ್ಟಾಳು, ಆ ಹನ್ನೆರಡು ಮಕ್ಕಳು ಯಾವ ದನಿಗೆ ಕಾಲೆತ್ತಿಯಾರು ಎಂದು ನೆನೆದು ಗೊಲ್ಲಾಳಪ್ಪ ಕಂಬಳಿಯ ಗಂಟನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

ವಿಜಯಪುರದಲ್ಲಿ ನಾಲ್ಕು ಕಡೆ ವಿಚಾರಿಸಿದಾಗ ನಾಲ್ವರೂ ಹೇಳಿದ್ದು ಒಂದೇ ಹೆಸರು, ಜೋರಾಪುರ ಪೇಟೆಯ ದಾದಾಸಾಬರು. ನಲವತ್ತು ವರ್ಷ ಮದುವೆಯ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮಿನ ಮಗ್ಗುಲಲ್ಲೇ ನಿಂತು ಕಹಳೆ ಊದಿದ ಮನುಷ್ಯ. ಈಗ ಮನೆಯ ಪಡಸಾಲೆಯಲ್ಲಿ ಕುಳಿತು ವಾದ್ಯ ರಿಪೇರಿ ಮಾಡುತ್ತಿದ್ದರು. ಕಂಬಳಿ ಬಿಚ್ಚಿ ನೋಡಿದರು, ಮೂಸಿದರು.

"ಬೆಂಕಿಗೆ ಹಿಡದಿ?"

"ಹೂಂನ್ರಿ."

"ಹಲಗಿ ಬಾರಸಾಂವ ಏನು?"

"ಬಾರಸ್ತಿದ್ದೆ. ಬಿಟ್ಟು ಭಾಳ ವರ್ಷ ಆತು."

"ಕೈ ಬಿಟ್ಟಾವ, ಚಾಳಿ ಬಿಟ್ಟಿಲ್ಲ. ಇದು ಪ್ಲಾಸ್ಟಿಕ್, ಅಣ್ಣಾ. ಚಳಿಗೆ ಮೆತ್ತಗ ಆಗೂದಿಲ್ಲ, ಬೆಂಕಿಗೆ ಬದುಕೂದಿಲ್ಲ." ಅವರು ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ತಂತಿ ಉಳದಾವ. ಹಾಳಿ ಇನ್ನೊಂದು ಹಾಕತೀನಿ, ತಾಸಿನ ಕೆಲಸ. ಆದ್ರ ಒಂದು ತೊಡಕು ಅದ."

"ಏನ್ರಿ ಅದು?"

"ನನ್ನ ಕಿವಿ ಇವತ್ತ ಜಮಖಂಡಿಗೆ ಹೋಗ್ಯದ."

ಗೊಲ್ಲಾಳಪ್ಪನಿಗೆ ಅರ್ಥವಾಗಲಿಲ್ಲ. ದಾದಾಸಾಬರು ತಾವೇ ಬಿಡಿಸಿ ಹೇಳಿದರು. ದೊಡ್ಡ ಡ್ರಮ್ಮು ಅವರ ಕಿವಿ ತಿಂದುಹಾಕಿತ್ತು; ಎದುರಿಗೆ ಕುಳಿತು ಆಡಿದ ಮಾತು ಕೇಳುತ್ತಿತ್ತು, ತಂತಿಯ ಸಣ್ಣ ದನಿ ಕೇಳುತ್ತಿರಲಿಲ್ಲ. ಹೆಂಡತಿ ಪೀರಾಂಬಿ ಒಳಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕುಳಿತು, "ಇನ್ನೊಂದ ಸುತ್ತ", "ಸಾಕು" ಎಂದು ಕೂಗಿ ಹೇಳಬೇಕು, ಇವರು ತಿರುವಬೇಕು. ಆವತ್ತು ಪೀರಾಂಬಿ ತಂಗಿಯ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆಂದು ಜಮಖಂಡಿಗೆ ಹೋಗಿದ್ದಳು.

"ಸಂಜಿಗೆ ಬರ್ತಾಳ."

"ಹನ್ನೊಂದೂವರಿ ಒಳಗ ತಿಕೋಟಾದಾಗ ಇರಬೇಕ್ರಿ ಇದು."

"ಹಂಗಾದ್ರ ನಿನ್ನ ಕಿವಿ ಕೊಡು."

"ನನ್ನ ಕಿವಿ ಎಲ್ಲೈತ್ರಿ ಈಗ? ಮೂವತ್ತೆರಡು ವರ್ಷ ಆತು."

"ಕಿವಿ ಏನ್ ಎಮ್ಮಿ ಏನೋ, ಕಟ್ಟೂದು ಬಿಟ್ರ ಓಡಿಹೋಗಾಕ? ಕೂಡು."

ಹಾಳೆ ಕೂರಿಸಿ, ಅದನ್ನು ಸುತ್ತಲೂ ಹಿಡಿಯುವ ಬಳೆ ಇಟ್ಟು, ಎಂಟೂ ತಿರುಪುಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಬಿಗಿದರು. ತಂತಿಗಳನ್ನು ಸಡಿಲಿಸಿಟ್ಟು ಪ್ರತಿ ತಿರುಪಿನ ಹತ್ತಿರ ಹಗುರಾಗಿ ಬಡಿದರು. ಗೊಲ್ಲಾಳಪ್ಪ ತಲೆ ಬಾಗಿಸಿ ಕೇಳಿದ.

"ಇಲ್ಲಿ ತಗ್ಗೈತ್ರಿ." ದಾದಾಸಾಬರು ತಿರುವಿದರು. "ಈಗ ಅದರ ಎದುರಿಂದು ಏರೇತಿ. ಒಂದ ಕೂದಲೆಳಿ ಇಳಸ್ರಿ."

ದಾದಾಸಾಬರು ಹುಬ್ಬೆತ್ತಿ ಅವನನ್ನು ನೋಡಿದರು. "ನಮ್ಮಾಕಿ ಇಷ್ಟಕ್ಕ ಮೂರು ಸಲ ಬೈತಾಳ."

ಎಂಟೂ ಕಡೆ ಒಂದೇ ದನಿ ಬಂತು. ತಂತಿ ಬಿಗಿಯುವ ಸರದಿ ಬಂದಾಗ ಗೊಲ್ಲಾಳಪ್ಪ ಎಡವಿದ. "ಇನ್ನ ಬಿಗಿ ಮಾಡ್ರಿ," ಎಂದ. ಮಾಡಿದರು. "ಇನ್ನ ಸ್ವಲ್ಪ." ಅದೂ ಆಯಿತು. ಬಿಗಿದಷ್ಟೂ ದನಿ ಕುಗ್ಗಿ, ಕಡೆಗೆ ಹಳೇ ಡಬ್ಬಿಯ ಮೇಲೆ ಕಲ್ಲು ಬಿದ್ದಂತೆ ಟಪ್ಪೆಂದಿತು. ಗೋಡೆಯ ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುತ್ತಿತ್ತು.

ದಾದಾಸಾಬರು ತಳದ ಹಾಳೆಯ ಮೇಲೆ ಬೆರಳಿಟ್ಟರು. "ತಂತಿ ಹಾಳಿ ಮ್ಯಾಲೆ ಕುಣೀಬೇಕು. ನೀ ಅವನ್ನ ಕಂಬಕ್ಕ ಬಿಗದೀದಿ. ಯಾವ ದನಿ ಹುಡುಕಾಕತ್ತಿ?"

ಗೊಲ್ಲಾಳಪ್ಪ ತಡೆದು ಹೇಳಿದ. "ಹಲಗೀದು."

"ಅದು ಇದರಾಗಿಲ್ಲ. ಇದರದು ಏನೈತಿ ಅದನ್ನ ಕೇಳು."

ಗೊಲ್ಲಾಳಪ್ಪ ಕಣ್ಣು ಮುಚ್ಚಿದ. ಅವನ ಕಿವಿ ಇಷ್ಟು ವರ್ಷವೂ, ಬಂದ ದನಿಗಳನ್ನೆಲ್ಲ ಒಂದೇ ಸೇರಿನಿಂದ ಅಳೆಯುತ್ತಿತ್ತು. ಆ ಸೇರನ್ನು ಅವನು ಆಚೆಗಿಟ್ಟ. ದಾದಾಸಾಬರು ತಂತಿ ಬಿಗಿಯುವ ಪಕ್ಕದ ತಿರುಪನ್ನು ಕಾಲು ಕಾಲು ಸುತ್ತು ಸಡಿಲಿಸುತ್ತ, ಪ್ರತಿ ಸಲಕ್ಕೂ ಕೋಲಿನ ತುದಿಯಿಂದ ಮೆಲ್ಲಗೆ ಮುಟ್ಟಿದರು. ಡಬ್ಬಿಯ ದನಿ ಹೋಯಿತು. ಕೊರಳು ಕಟ್ಟಿದವನು ಕೆಮ್ಮಿ ಸರಿಮಾಡಿಕೊಂಡಂತೆ ಒಂದು ದನಿ ಬಂತು. ಇನ್ನೊಂದು ಕಾಲು ಸುತ್ತಿಗೆ, ಕಾದ ಹಂಚಿನ ಮೇಲೆ ಜೋಳದ ಅರಳು ಸಿಡಿಯತೊಡಗಿದವು. ಅತಿ ಮೆಲ್ಲನೆಯ ಪೆಟ್ಟಿಗೂ ತಂತಿ ಉತ್ತರ ಕೊಟ್ಟಿತು, ಕೊಟ್ಟು ತಕ್ಷಣ ಸುಮ್ಮನಾಯಿತು.

"ನಿಲ್ಲಸ್ರಿ."

"ಖಾತ್ರಿ?" ದಾದಾಸಾಬರು ಕೇಳಿದರು. "ನನಗ ಕೇಳೂದಿಲ್ಲ. ನೀ ಹೌದಂದ್ರ ಹೌದು."

ಮುಂಜಾನೆಯಷ್ಟೇ ತಪ್ಪು ಮಾಡಿದ ಮನುಷ್ಯ ಹೊತ್ತಿಳಿಯುವ ಮೊದಲೇ ಇನ್ನೊಂದಕ್ಕೆ ಹೊಣೆ ನಿಲ್ಲುವುದು ಸುಲಭವಲ್ಲ. ಗೊಲ್ಲಾಳಪ್ಪ ಕೋಲು ಇಸಿದುಕೊಂಡು ತಾನೇ ಒಮ್ಮೆ ಬಾರಿಸಿದ. "ಖಾತ್ರಿ," ಎಂದ.

ತಿಕೋಟಾದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಡ್ರಮ್ಮನ್ನು ಕೆಳಗಿಡಲಿಲ್ಲ. ಶಾಲೆ ಮುಟ್ಟಿದಾಗ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗೇಟಿನಲ್ಲಿ ನಿಂತಿದ್ದ ಆಮ್ರಪಾಲಿ ಏನೂ ಕೇಳದೆ ಡ್ರಮ್ಮು ತೆಗೆದುಕೊಂಡು ಒಬ್ಬ ಹುಡುಗಿಯ ಕೊರಳಿಗೆ ಹಾಕಿದಳು. ಸೀಟಿ ಊದಿದಳು.

ಮೊದಲ ಪೆಟ್ಟು ಬಿತ್ತು. ಗೊಲ್ಲಾಳಪ್ಪ ಕಿವಿಗೊಟ್ಟು ಕೇಳಿದ. ಎಲ್ಲಿಯೂ ತೊದಲಿರಲಿಲ್ಲ, ಎಲ್ಲಿಯೂ ಗಲಗಲ ಇರಲಿಲ್ಲ. ಸುರಿಯುವ ಅರಳಿನಂಥ ಆ ದನಿಯ ಮೇಲೆ ಇಪ್ಪತ್ನಾಲ್ಕು ಕಾಲುಗಳು ಒಮ್ಮೆಲೇ ಎದ್ದವು, ಒಮ್ಮೆಲೇ ಬಿದ್ದವು. ಮೆರವಣಿಗೆ ರಸ್ತೆಗೆ ತಿರುಗಿದ ಮೇಲೆ ಅವನು ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತ.

ಒಂದು ತಾಸಿನ ನಂತರ ಮಗಳು ಬಂದು ಮಗ್ಗುಲಲ್ಲಿ ಕುಳಿತಳು. ಡ್ರಮ್ಮನ್ನು ಮಗುಚಿ ನೋಡಿದಳು.

"ತಳದ ಹಾಳಿ ಬ್ಯಾರೆ ಐತಿ."

"ಸುಟ್ಟೆ, ತಂಗಿ. ಕಾಸಾಕ ಹೋಗಿ ಸುಟ್ಟೆ."

"ಗೊತ್ತೈತಿ. ನೀರೊಲಿ ಮುಂದ ಕರಗಿದ ಚೂರು ಬಿದ್ದಿದ್ದು."

"ಮತ್ತ ಫೋನಿನ್ಯಾಗ ಯಾಕ ಕೇಳಲಿಲ್ಲ?"

"ಕೇಳಿದ್ರ ನಡುದಾರ್ಯಾಗ ಇಳದು ಮನಿಗೆ ಹೋಗತಿದ್ದಿ. ಹೆಡ್ ಸರ್‌ಗೆ, ಅಪ್ಪ ತರಾಕತ್ತಾನ, ತಡಿರಿ ಅಂತ ನಾಕ್ ಸಲ ಹೇಳೇನಿ." ಅವಳು ಬೆರಳಿನಿಂದ ಡ್ರಮ್ಮನ್ನು ತಟ್ಟಿದಳು. "ನಮ್ಮ ಡ್ರಮ್ ಎಂದೂ ಹಿಂಗ ಮಾತಾಡಿಲ್ಲ. ಯಾರ ಮಾಡಿದ್ರು?"

"ಹೇಳ್ತೀನಿ. ಮೊದಲ ತಿನ್ನಾಕ ಏನರ ಕೊಡು. ಈಗ ಹಸಿವ್ಯಾಗಾಕತ್ತೈತಿ."

ಆಮ್ರಪಾಲಿ ತನ್ನ ಬುತ್ತಿ ಬಿಚ್ಚಿದಳು. ಗೊಲ್ಲಾಳಪ್ಪ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿಕೊಂಡು, ಬಾಯಿ ತುಂಬಿದ್ದಂತೆಯೇ ಜಮಖಂಡಿಗೆ ಹೋದ ಕಿವಿಯ ಸುದ್ದಿ ತೆಗೆದ.