ಹಿಟ್ಟು ಮೆತ್ತಿದ ಮಡಕೆ

ಖುರಾಸಾನಿನ ಆ ಬಹ್ರೂಜ್ ನಮ್ಮ ಕೈರೋಗೆ ಬಂದಾಗಿನಿಂದ ನನ್ನ ತಲೆ ತಿನ್ನುತ್ತಿದ್ದ. ಊರೂರು ಸುತ್ತಿ ಪುಸ್ತಕ ಬರೆಯುವವನಂತೆ. ರೊಟ್ಟಿ ಸುಡುವ ನನ್ನ ದೊಡ್ಡ ಒಲೆಗೆ ಓಣಿಯ ಮುಸಲ್ಮಾನರು, ಕ್ರೈಸ್ತರು, ಒಂದೇ ಒಂದು ಯಹೂದಿ ಮನೆ, ಎಲ್ಲರೂ ಅಡುಗೆ ಕಳಿಸುತ್ತಾರೆಂದು ಯಾರೋ ಹೇಳಿದ್ದೇ ತಡ, ಬಂದು ವಕ್ಕರಿಸಿದ. ಇದು ಯಾರದು, ಅದರಲ್ಲೇನಿದೆ ಎಂಬ ಅವನ ಪ್ರಶ್ನೆಗಳಿಗೆ ಉತ್ತರ ಕೊಟ್ಟು ನನಗೆ ಸಾಕುಸಾಕಾಗಿತ್ತು.

ಶನಿವಾರ ಬೆಳಿಗ್ಗೆ ನಾನು ಸೌದೆ ತರುವಷ್ಟರಲ್ಲಿ ಪುಣ್ಯಾತ್ಮ ಆ ಯಹೂದಿ ಮನೆಯ ತುರ್ಫಕ್ಕನ ಮಡಕೆಯ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದ.

"ಗೋಧಿ, ಕಡಲೆ, ಮಾಂಸ. ಇಷ್ಟೇನಾ?"

ಸೌದೆ ಅಲ್ಲೇ ಬಿಸಾಕಿ ಬೊಬ್ಬೆ ಹಾಕಿದೆ. ಯಹೂದಿಗಳು ಶನಿವಾರ ಬೆಂಕಿ ಹೊತ್ತಿಸುವುದಿಲ್ಲ. ತುರ್ಫಕ್ಕ ಶುಕ್ರವಾರವೇ ಮುಚ್ಚಳದ ಸುತ್ತ ಹಿಟ್ಟು ಮೆತ್ತಿ ಮಡಕೆ ತಂದಿಡುತ್ತಾಳೆ. ಹಿಟ್ಟು ಒಡೆದರೆ, ಬೇರೆಯವರು ಒಳಗೆ ಏನು ಬೆರೆಸಿದರೋ ಎಂದು, ಅವರ ಧರ್ಮದ ಪ್ರಕಾರ ಆ ಅಡುಗೆ ಅವಳ ಪಾಲಿಗಿಲ್ಲ. ಅವತ್ತೇ ಅವಳ ಮಗಳನ್ನು ನೋಡಲು ಗಂಡಿನವರು ಊಟಕ್ಕೆ ಬರುವವರಿದ್ದರು.

"ಯಾಕಯ್ಯಾ ಹಂಗ್ ಬಡ್ಕೋತೀಯಾ? ಇನ್ನೊಂದಿಷ್ಟು ಹಿಟ್ಟು ಮೆತ್ತು. ಅವ್ರಿಗೇನ್ ಗೊತ್ತಾಗತ್ತೆ?"

"ಗೊತ್ತಾಗಲ್ಲ ಕಣಯ್ಯಾ! ಅದಕ್ಕೇ ಅಲ್ವಾ ನನ್ನ ನಂಬಿ ಇಟ್ಟೋಗೋದು!"

ಹಿಟ್ಟಿನ ಮುದ್ದೆ ಪಕ್ಕದಲ್ಲೇ ಇತ್ತು. ಸುಳ್ಳೇಕೆ, ಒಂದು ಗಳಿಗೆ ಕೈ ಅತ್ತ ಹೋಯಿತು. ಆಮೇಲೆ ಅವನಿಗೆ ಹಿಡಿಶಾಪ ಹಾಕುತ್ತ ಹೋಗಿ ತುರ್ಫಕ್ಕನಿಗೆ ಹೇಳಿದೆ.

ಅವಳು ಹಣೆ ಚಚ್ಚಿಕೊಂಡಳು. "ಶುಕೈರಣ್ಣಾ, ಇವತ್ತೇ ಆಗ್ಬೇಕಿತ್ತಾ? ಬಂದೋರ ಮುಂದೆ ಏನಿಡ್ಲಿ?"

ಪಕ್ಕದ ಮನೆಯ ಕ್ರೈಸ್ತರ ದಮಿಯಾನಾ ಕಾಳಿನ ಪಲ್ಯ ಹಿಡಿದು ಓಡಿಬಂದಳು. ನನ್ನ ಹೆಂಡತಿ ಕೋಳಿ ಸಾರು ತಂದಳು. ಒಂದೂ ಆಗುವುದಿಲ್ಲ! ಬೇರೆ ಧರ್ಮದವರು ಬೇಯಿಸಿದ್ದನ್ನು ಅವರು ತಿನ್ನುವಂತಿಲ್ಲ. ಅಜ್ಜಂದಿರ ಕಾಲದಿಂದ ಗೋಡೆಗೆ ಗೋಡೆ ಅಂಟಿಸಿಕೊಂಡು ಬದುಕಿದವರು, ಕಷ್ಟಕ್ಕೆ ಒಂದು ಬಟ್ಟಲು ಸಾರು ದಾಟಿಸಲಾಗದು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಒದ್ದಾಡಿದೆ. ಕೊನೆಗೆ, ಬೇಯಿಸದ ಹಣ್ಣಿಗೆ ಅಡ್ಡಿಯಿಲ್ಲವೆಂದು, ಓಣಿಯೆಲ್ಲ ಸೇರಿ ಅಂಜೂರ, ಖರ್ಜೂರ, ಕಲ್ಲಂಗಡಿ ತಂದು ಅವಳ ಅಂಗಳದಲ್ಲಿ ಸುರಿದೆವು.

ಗಂಡಿನವರು ಹಣ್ಣು ತಿಂದರು, ಹೇಳಿ ಕಳಿಸ್ತೀವಿ ಎಂದು ಎದ್ದು ಹೋದರು. ಹೇಳಿ ಕಳಿಸಲೇ ಇಲ್ಲ.

ಮುಂದಿನ ಶುಕ್ರವಾರ ಬಹ್ರೂಜ್ ತಾನು ಬರೆದದ್ದನ್ನು ನನಗೆ ಓದಿ ಹೇಳಿದ: "ಇಲ್ಲಿಯ ಜನ ಒಬ್ಬರ ಕೈಯಡುಗೆ ಇನ್ನೊಬ್ಬರು ಮುಟ್ಟುವುದಿಲ್ಲ. ಪರಸ್ಪರ ನಂಬಿಕೆಯೆಂಬುದೇ ಇವರಲ್ಲಿಲ್ಲ."

ಅಷ್ಟರಲ್ಲಿ ತುರ್ಫಕ್ಕ ಬಂದಳು. ಹಿಟ್ಟು ಮೆತ್ತಿದ ಮಡಕೆಯನ್ನು ಎಂದಿನಂತೆ ನನ್ನ ಕೈಗೆ ಕೊಟ್ಟು ಹಿಂತಿರುಗಿದಳು.

"ಇದನ್ನೂ ಬರ್ಕೋ" ಎಂದೆ.

ಅವನು ಅತ್ತಿತ್ತ ನೋಡಿದ. "ಏನನ್ನ?"