ಯಾರೂ ಏನೂ ಹೇಳದಿದ್ದಾಗ

“ಆ ಕೈ ತಗೀಲಿಕ್ಕೆ ಹೇಳ್ರಿ ಅವ್ನಿಗೆ,” ಎಂದು ಜಗದೇವಿ ಸಾಯಬಣ್ಣನ ಮೊಬೈಲನ್ನು ದೂರ ತಳ್ಳಿದಳು.

ಗಂಡನ ಶ್ರದ್ಧಾಂಜಲಿಗೆಂದು ಫ್ಲೆಕ್ಸ್ ಅಂಗಡಿಯವನು ಕಳಿಸಿದ ಬ್ಯಾನರಿನ ನಮೂನೆ ಅದು. ಹಳೆಯ ಫೋಟೊದಿಂದ ಶಿವಲಿಂಗನೊಬ್ಬನನ್ನೇ ಕತ್ತರಿಸಿ ತೆಗೆದಿದ್ದ. ಹೆಗಲ ಮೇಲಿದ್ದ ತಮ್ಮ ರವಿಕಾಂತನ ಕೈ ಮಾತ್ರ, ಮೈಯಿಲ್ಲದೆ, ಅಲ್ಲೇ ಉಳಿದಿತ್ತು.

“ನಗೋ ಫೋಟೊ ಇದೊಂದೇ ಅದ, ತಂಗಿ. ಬಾಕಿ ಎಲ್ಲಾದ್ರಾಗೂ ಆಧಾರ್ ಕಾರ್ಡಿನ ಮಾರಿ,” ಎಂದ ಸಾಯಬಣ್ಣ. ಪಕ್ಕದ ಮನೆಯವನು, ಅವರಂತೆಯೇ ಭಾಲ್ಕಿ ಕಡೆಯವನು. ಮರಾಠಿ ಸೀಮೆಯ ವಾಳೂಜಿನ ಈ ಓಣಿಯಲ್ಲಿ ಯಾರು ಸತ್ತರೂ ಮುಂದೆ ನಿಲ್ಲುವವನು.

“ಇಷ್ಟು ವರ್ಷ ಬಾಯಿ ಬಿಡಲಾರದವ್ನ ಕೈ ಇವತ್ತ್ಯಾಕ ಹೆಗಲ ಮ್ಯಾಲ?”

“ರಾಹು ದೇ ನಾ, ಮಮ್ಮಿ. ಇರ್ಲಿ ಬಿಡು,” ಮಗಳು ಅಶ್ವಿನಿ ಮರಾಠಿ ಬೆರೆಸಿ ಮೆಲ್ಲಗೆ ಹೇಳಿದಳು. “ಕಾಕಾ ನಾಶಿಕ್ ಬಿಟ್ಟಾರ.”

“ಬರ್ಲಿ. ಮಂದಿ ಹಂಗ ಹೂ ಹಾಕಿ ಹೋಗ್ಲಿ. ಒಳಗ ಇಳಿಯೋರು ಸಾಯಬಣ್ಣಣ್ಣ.”

ನಡುಮನೆಯಲ್ಲಿ ಶಿವಲಿಂಗ ಗೋಡೆಗೆ ಒರಗಿ ಕೂತಿದ್ದ, ಹಣೆ ತುಂಬ ವಿಭೂತಿ. ಸಮಾಧಿಯ ಗುಂಡಿಯಲ್ಲೂ ಹೀಗೇ ಕೂಡಿಸಬೇಕು. ವಿಭೂತಿ ತುಂಬಿ ದೇಹ ನಿಲ್ಲುವ ತನಕ ಒಬ್ಬರು ಒಳಗಿಳಿದು ಹೆಗಲು ಹಿಡಿದಿರಬೇಕು. ಅವರ ಮನೆಯಲ್ಲಿ ಅದು ತಮ್ಮನ ಕೆಲಸ.

*

ಅಣ್ಣ ತಮ್ಮ ಒಂದೇ ಕಂಪನಿಯಲ್ಲಿ, ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಸಾಫ್ಟ್‌ವೇರ್ ಮಾಡುತ್ತಿದ್ದರು. ಪರದೆಯ ಮೇಲೆ ಓರೆಗೆರೆ ಎಳೆದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಲ್ಲಿ ಆಚೆ ಈಚೆಯ ಬಣ್ಣ ತುಸು ಬೆರೆಸಿದರೆ ಕಣ್ಣಿಗೆ ನುಣುಪು. ಇವರ ಸಾಫ್ಟ್‌ವೇರ್ ಬಳಸುವ ಬೇರೆ ಪ್ರೋಗ್ರಾಮರುಗಳಿಗೆ ಆ ನುಣುಪಿನಲ್ಲಿ ಎಷ್ಟು ಆಯ್ಕೆ ಕೊಡಬೇಕು? ತಾಟಿನ ಮುಂದೆ ಕೂತರೂ ಅದೇ ಜಗಳ.

“ಬೇಕು, ಬ್ಯಾಡ. ಒಂದು ಬಟನ್ ಸಾಕಣ್ಣಾ,” ಎನ್ನುತ್ತಿದ್ದ ರವಿಕಾಂತ.

“ಸಣ್ಣ ಗೆರಿ ಕರಗೇ ಹೋಗ್ತಾವೋ! ಸ್ವಲ್ಪ, ಮಧ್ಯಮ, ಪೂರಾ, ಇಷ್ಟರ ಬೇಕು.”

“ವೈನಿ, ಇವ್ನಿಗೆ ಚಹಾ ಹೆಂಗ ಕೊಡ್ತೀರಿ? ಸಕ್ರಿ ಸ್ವಲ್ಪೋ, ಮಧ್ಯಮೋ, ಪೂರಾನೋ?”

ಜಗದೇವಿ ನಗುತ್ತಲೇ ರೊಟ್ಟಿ ಹಾಕುತ್ತಿದ್ದಳು. ಆದರೆ ಒಂದು ದಿನ ಮೀಟಿಂಗಿನಲ್ಲಿ, ಎಲ್ಲರೆದುರು, ಶಿವಲಿಂಗ “ಇವ್ನಿಗೇನ್ ತಿಳೀತದ, ಇನ್ನೂ ಹುಡುಗ” ಎಂದುಬಿಟ್ಟ. ರವಿಕಾಂತ ನಾಶಿಕದಲ್ಲಿ ಬೇರೆ ನೌಕರಿ ಹಿಡಿದ. ದೊಡ್ಡವನು ತಾನು, ಹೆಂಗ ಮೊದಲು ಮಾತಾಡಲಿ ಎಂದು ಅಣ್ಣ. ತಪ್ಪು ಅಣ್ಣನದು, ಅವನೇ ಕರೆಯಲಿ ಎಂದು ತಮ್ಮ.

*

ಸ್ಮಶಾನದ ಗೇಟಿಗೆ ಕಟ್ಟಿದ್ದ ಬ್ಯಾನರಿನ ಕೆಳಗೆ ರವಿಕಾಂತ ನಿಂತುಬಿಟ್ಟ.

“ಇದು ನನ್ನ ಕೈ.”

“ನಾನೇ ತಗೀಬ್ಯಾಡ ಅಂತ ಹೇಳ್ದೆ, ಕಾಕಾ,” ಎಂದಳು ಅಶ್ವಿನಿ. ಜಗದೇವಿ ಮುಖ ತಿರುಗಿಸಿದಳು.

ಅವನಿಗೆ ಅಳು ಬರಲಿಲ್ಲ. “ಅಣ್ಣ ಕೊನೀಗೆ ಆ ಗೆರಿ ನುಣುಪಿಗೆ ಯಾವುದಿಟ್ಟ, ಅಶೂ? ನನ್ನ ಒಂದು ಬಟನ್ನೋ, ಅವನ ಮೂರು ಆಯ್ಕೆನೋ?”

“ಹೆಣದ ಮುಂದ ಕೇಳೋ ಮಾತೇನಿದು!” ಜಗದೇವಿ ಗದರಿದಳು.

“ದೋನ್ಹೀ, ಕಾಕಾ. ಎರಡೂ ಇಟ್ಟೀನಿ ಅಂತ ಪಪ್ಪಾನೇ ಹೇಳಿದ್ರು. ಯಾರರೆ ಕೇಳಿದ್ರ ಪಪ್ಪಾಂದು ಸಿಗ್ತದ.” ಕನ್ನಡದ ಮಾತಿಗೆ ಅವಳು ಒಂದು ಗಳಿಗೆ ತಡಕಾಡಿದಳು. “ಯಾರೂ ಏನೂ ಹೇಳ್ಲಿಲ್ಲಂದ್ರ ನಿಮ್ದೇ ನಡೀತದ. ಇವತ್ತಿಗೂ.”

“ನನಗ್ಯಾಕ ಹೇಳ್ಲಿಲ್ಲ ಅವ?”

“ರವಿ ಫೋನ್ ಮಾಡ್ಲಿ, ಹೇಳ್ತೀನಿ ಅಂತಿದ್ರು.”

ರವಿಕಾಂತ ಗೇಟಿನ ಸರಳು ಹಿಡಿದುಕೊಂಡ. ಅತ್ತ ಭಜನೆ ನಿಂತಿತ್ತು. ಸಾಯಬಣ್ಣ ಧೋತರ ಮೇಲೆ ಕಟ್ಟಿ ಗುಂಡಿಯ ಅಂಚಿಗೆ ಬಂದಿದ್ದ.

“ನಿಲ್ರಿ, ಸಾಯಬಣ್ಣಣ್ಣ,” ಎಂದಳು ಜಗದೇವಿ. ಮೈದುನನ ಮುಖ ನೋಡಲಿಲ್ಲ, ಕಾಲು ನೋಡಿದಳು. “ಬೂಟು ಕಳಿ ಮೊದ್ಲ.”

ಅವನು ಇಳಿದ. ಅಣ್ಣನನ್ನು ಕೂಡಿಸಿ, ಅಂಗೈಯಲ್ಲಿ ಲಿಂಗ ಇರಿಸಿ, ಹೆಗಲು ಹಿಡಿದ. ಮೇಲಿನಿಂದ ಬಿಲ್ವಪತ್ರೆ ಬಿತ್ತು, ಆಮೇಲೆ ಬೊಗಸೆ ಬೊಗಸೆ ವಿಭೂತಿ.

“ಸಾಕು ರವಿ, ಗಟ್ಟಿ ಕುಂತಾರ. ಕೈ ತಗೀ,” ಎಂದ ಸಾಯಬಣ್ಣ.

“ಇರ್ಲಿ ಬಿಡ್ರಿ,” ಎಂದಳು ಜಗದೇವಿ.

ವಿಭೂತಿ ಬೀಳುತ್ತಲೇ ಇತ್ತು. ಬೆರಳು ಬೆಳ್ಳಗಾದವು, ತೋಳು ಬೆಳ್ಳಗಾಯಿತು. ಕೈ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೋ, ಮೇಲೆ ನಿಂತವರಿಗೆ ಕಾಣಲಿಲ್ಲ.